ಉಡುಪಿಯ ಪಿನ್‌ಕೋಡ್ 576101 ಅವಿಭಾಜ್ಯ ಸಂಖ್ಯೆಯಾ?

ಪ್ರಶ್ನೆ (ಉಡುಪಿ): ಮೇಡಂ, ಮಗಳಿಗೆ ಶಾಲೆಯಲ್ಲಿ ಅವಿಭಾಜ್ಯ ಸಂಖ್ಯೆ ಪಾಠ ನಡೀತಿದೆ. ಅವಳು ನಮ್ಮ ಪಿನ್‌ಕೋಡ್ 576101 ಹಿಡಿದು ಕೂತಿದ್ದಾಳೆ. 2, 3, 5, 7, 11, 13 ಯಾವುದರಿಂದಲೂ ಭಾಗ ಹೋಗುವುದಿಲ್ಲ. ಎಲ್ಲಿವರೆಗೆ ನೋಡಬೇಕು?

ಉತ್ತರ (ಗಣಿತ ಉಪನ್ಯಾಸಕಿ): 759ರವರೆಗೆ ಸಾಕು. 759ರ ವರ್ಗ 576081, 760ರದ್ದು 577600. ಇದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಒಂದಾದರೂ 759ರ ಒಳಗೆ ಸಿಗಲೇಬೇಕು. ಅದರಲ್ಲೂ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರಾಯಿತು. ಅಂಥವು 134 ಇವೆ, ಕೊನೆಯದು 757.

ದೊಡ್ಡ ಭಾಜಕಗಳಿಗೆ ಒಂದು ಸುಲಭ ದಾರಿ ಇದೆ. ನಮ್ಮ ಸಂಖ್ಯೆ 759ರ ವರ್ಗಕ್ಕಿಂತ 20 ಜಾಸ್ತಿ. 757 ಎಂದರೆ 759ಕ್ಕಿಂತ 2 ಕಡಿಮೆ. 2ರ ವರ್ಗ 4, ಅದಕ್ಕೆ 20 ಸೇರಿಸಿ: ಶೇಷ 24. 751 ಆದರೆ 8ರ ವರ್ಗ 64, ಶೇಷ 84. ಬಾಯಲ್ಲೇ ಆಗುತ್ತದೆ! 134ರಲ್ಲೂ ಶೇಷ ಉಳಿಯುತ್ತದೆ. ಹೌದು, 576101 ಅವಿಭಾಜ್ಯವೇ.

ಪ್ರಶ್ನೆ (ಮಂಗಳೂರು): ನಮ್ಮ 575001ದು ಎಂತ ಕತೆ ಮಾರಾಯ್ರೇ?

ಉತ್ತರ: ಅಂಕಿಗಳನ್ನು ಕೂಡಿಸಿ, 18. ಹಾಗಾಗಿ 9ರಿಂದ ಹೋಗುತ್ತದೆ. ಪೂರ್ತಿ ಬಿಡಿಸಿದರೆ 3×3×7×9127. ಬೇಜಾರು ಬೇಡ, ಮಣಿಪಾಲದ 576104 ಸಮ ಸಂಖ್ಯೆ, ಅದಂತೂ ಮೊದಲ ಹೆಜ್ಜೆಯಲ್ಲೇ ಔಟ್.

ಪ್ರಶ್ನೆ (ಮಲ್ಪೆ): ಹಾಗಾದರೆ ಕೃಷ್ಣನ ಊರಿನ ಸಂಖ್ಯೆಗೆ ಏನೋ ವಿಶೇಷ ಇದೆ, ಅಲ್ವಾ?

ಉತ್ತರ: ಸುಮ್ನೆ ಕಾಕತಾಳೀಯ. ಇಷ್ಟು ದೊಡ್ಡ ಸಂಖ್ಯೆಗಳಲ್ಲಿ ಸುಮಾರು 13ಕ್ಕೊಂದು ಅವಿಭಾಜ್ಯ ಇರುತ್ತದೆ. 1972ರಲ್ಲಿ ಪಿನ್‌ಕೋಡ್ ಬಂದದ್ದು ಕಾಗದ ವಿಂಗಡಿಸಲಿಕ್ಕೆ.

ನನಗೆ ಇಷ್ಟವಾದದ್ದು ಬೇರೆ. 576101ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಇಂಥ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ಇದನ್ನು ಹೇಳಿದ, ಸಾಧನೆ (ಪುರಾವೆ) ಕೊಡಲಿಲ್ಲ. ಅದನ್ನು ಕೊಡಲು ನೂರು ವರ್ಷ ದಾಟಿ ಗಣಿತಜ್ಞ ಆಯ್ಲರ್ ಬರಬೇಕಾಯಿತು. ಉಡುಪಿಯದ್ದು ಹೀಗೆ: 751ರ ವರ್ಗ 564001, 110ರ ವರ್ಗ 12100. ಕೂಡಿಸಿ ನೋಡಿ.

575001ರಲ್ಲೂ 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಆದರೆ ಅದು ಅವಿಭಾಜ್ಯವಲ್ಲವಲ್ಲ. 4ರಿಂದ ಭಾಗಿಸಿದಾಗ 3 ಉಳಿಸುವ 7 ಅದರೊಳಗೆ ಒಂಟಿಯಾಗಿ ಕೂತಿದೆ. ಎರಡು ಸಲ ಬಂದಿದ್ದರೆ ತೊಂದರೆ ಇರಲಿಲ್ಲ. 9127 ಕೂಡ ಅದೇ ಜಾತಿ. ಹಾಗಾಗಿ ಎರಡು ವರ್ಗಗಳ ಮೊತ್ತ ಆಗುವುದೇ ಇಲ್ಲ.

ಪ್ರಶ್ನೆ (ಉಡುಪಿ): 751, 110 ಹುಡುಕಿದ್ದು ಹೇಗೆ ಅಂತ ಮಗಳು ಕೇಳ್ತಿದ್ದಾಳೆ.

ಉತ್ತರ: ಒಳ್ಳೇ ಪ್ರಶ್ನೆ. ಯಾವ ವರ್ಗವನ್ನು 5ರಿಂದ ಭಾಗಿಸಿದರೂ 0, 1 ಅಥವಾ 4 ಮಾತ್ರ ಉಳಿಯುತ್ತದೆ. ನಮ್ಮ ಸಂಖ್ಯೆಯಲ್ಲಿ ಉಳಿಯುವುದು 1. ಎರಡು ವರ್ಗ ಸೇರಿ 1 ಉಳಿಯಬೇಕಾದರೆ ಒಂದರ ಶೇಷ 0 ಆಗಲೇಬೇಕು. ಅಂದರೆ ಎರಡರಲ್ಲೊಂದು 5ರ ಮಗ್ಗಿಯಲ್ಲೇ ಇದೆ. 5, 10, 15 ಹೀಗೆ ಒಂದೊಂದರ ವರ್ಗ ಕಳೆದು, ಉಳಿದದ್ದು ವರ್ಗವಾ ಎಂದು ನೋಡುತ್ತಾ ಹೋಗಲಿ. 22ನೇ ಸಲಕ್ಕೆ ಸಿಗುತ್ತದೆ.