ವಾಕ್ಯದ ಕೊನೆಗೆ ದನಿ ನುಂಗುವ ಹುಡುಗರು

ಧಾರವಾಡದ ತಂದೆ:
ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ರಜೆಗೆ ಬಂದಾಗಲೆಲ್ಲ ಗಮನಿಸುತ್ತಿದ್ದೇನೆ. ಅವನ ಮಾತು ಏರಿಳಿತವಿಲ್ಲದೆ ತಗ್ಗಿದ ದನಿಯಲ್ಲಿ ಸಾಗಿ, ವಾಕ್ಯದ ಕೊನೆಯಲ್ಲಿ ಗರಗರ ಎಂದು ಗಂಟಲಲ್ಲೇ ಉಳಿದುಬಿಡುತ್ತದೆ. ಅವನ ಗೆಳೆಯರದೂ ಇದೇ ಧಾಟಿ. ಊಟಕ್ಕೆ ಕರೆದರೆ ‘ಬರ್ತೀನಿ’ ಎಂದನೋ ‘ಬರಂಗಿಲ್ಲ’ ಎಂದನೋ 78 ವರ್ಷದ ನಮ್ಮ ತಾಯಿಗೆ ತಿಳಿಯುವುದೇ ಇಲ್ಲ. ಇದು ಗಂಟಲಿನ ತೊಂದರೆಯೋ, ಬರೀ ರೂಢಿಯೋ?

ಭಾಷಾವಿಜ್ಞಾನದ ಅಧ್ಯಾಪಕಿ:
ತಾವು ವರ್ಣಿಸಿರುವುದನ್ನು ನೋಡಿದರೆ ಬಹುಮಟ್ಟಿಗೆ ರೂಢಿಯೇ. ಮಾತನಾಡುವಾಗ ವಯಸ್ಕ ಗಂಡಸಿನ ಧ್ವನಿತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 130 ಬಾರಿ ಕಂಪಿಸುತ್ತವೆ. ಉಸಿರಿನ ಒತ್ತಡ ತಗ್ಗಿ ತಂತುಗಳು ಸಡಿಲವಾದಾಗ ಕಂಪನ 70ಕ್ಕಿಂತ ಕೆಳಗಿಳಿದು, ಒಂದೊಂದು ಮಿಡಿತವೂ ಬಿಡಿಬಿಡಿಯಾಗಿ ಕೇಳುತ್ತದೆ. ತಾವು ಹೇಳಿದ ಗರಗರ ದನಿ ಅದೇ. 2011ರ ಸುಮಾರಿಗೆ ಅಮೆರಿಕದ ಪತ್ರಿಕೆಗಳು ಇದು ಯುವತಿಯರ ಚಟವೆಂದು ಗದ್ದಲ ಎಬ್ಬಿಸಿದವು. ಆದರೆ ಇಂಗ್ಲೆಂಡಿನ ಗಂಡಸರ ಮಾತಿನಲ್ಲಿ ಧ್ವನಿಶಾಸ್ತ್ರಜ್ಞರು ಇದನ್ನು 1980ರ ದಶಕದಲ್ಲೇ ದಾಖಲಿಸಿದ್ದರು. (ಆಗ ಯಾರೂ ಗದ್ದಲ ಮಾಡಲಿಲ್ಲವೆಂಬುದು ಬೇರೆ ಮಾತು.) ಕನ್ನಡದಲ್ಲಿ ಇದರ ತೊಡಕು ಇನ್ನೂ ಹೆಚ್ಚು. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಯಾರು, ಯಾವಾಗ, ಹೌದೋ ಅಲ್ಲವೋ ಎಂಬುದೆಲ್ಲ ತಿಳಿಯುವುದು ಅದರ ತುದಿಯಲ್ಲಿ. ಉಸಿರು ತಗ್ಗುವುದೂ ಅಲ್ಲಿಯೇ.

ಹಾಸ್ಟೆಲ್ ವಾಸಿ:
ಗಂಟಲನ್ನಷ್ಟೇ ನೋಡಿದರೆ ಸಾಲದು, ಸರ್. ನಮ್ಮ ರೂಮಿನಲ್ಲಿ ಕಲಬುರಗಿ, ಪುತ್ತೂರು, ಕೋಲಾರದವರಿದ್ದೇವೆ. ಯಾರಾದರೂ ತಮ್ಮ ಊರಿನ ರಾಗದಲ್ಲಿ ಮಾತನಾಡಿದರೆ ಉಳಿದವರು ಅಣಕಿಸುತ್ತಾರಾದ್ದರಿಂದ, ಯಾವ ಊರಿನದೆಂದು ಗುರುತು ಸಿಗದ ಸಪಾಟು ಮಾತು ಎಲ್ಲರಿಗೂ ಅನುಕೂಲವಾಗಿದೆ. ಸೀನಿಯರ್ ಒಬ್ಬರನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ತೋಚದಾಗ ‘ಬ್ರೋ’ ಎಂದು ಪಾರಾಗುವುದೂ ಹೀಗೆಯೇ. ಅಜ್ಜಿಯ ಮುಂದೆ ‘ಇಲ್ಲಜ್ಜಿ, ನಾ ಬರಂಗಿಲ್ಲ’ ಎಂದು ಇಲ್ಲವನ್ನು ಮೊದಲೇ ಹೇಳುವಂತೆ ತಿಳಿಸಿ. ದನಿ ತಿದ್ದುವುದಕ್ಕಿಂತ ಅದು ಸುಲಭ.

ವಾಕ್ ಚಿಕಿತ್ಸಕ:
ಕ್ರಿಕೆಟ್ ನೋಡುತ್ತ ಕೂಗುವಾಗ, ದೂರದಲ್ಲಿರುವವರನ್ನು ಕರೆಯುವಾಗ ದನಿ ಸ್ವಚ್ಛವಾಗಿ ಬಂದರೆ ಚಿಂತೆಯಿಲ್ಲ. ಸದಾ ಒಡಕು ದನಿಯೇ ಇದ್ದು ಮೂರು ವಾರವಾದರೂ ಸರಿಹೋಗದಿದ್ದರೆ, ಅಥವಾ ನುಂಗುವಾಗ ನೋವಿದ್ದರೆ, ಕಿವಿ-ಮೂಗು-ಗಂಟಲಿನ ವೈದ್ಯರು ಧ್ವನಿಪೆಟ್ಟಿಗೆಯನ್ನು ನೋಡಲೇಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ಪರೀಕ್ಷೆ, ಚಿಕಿತ್ಸೆ ಎರಡೂ ಉಂಟು. ಅದಕ್ಕೂ ಮೊದಲು ತಮ್ಮ ತಾಯಿಯವರ ಕಿವಿಯನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಆ ವಯಸ್ಸಿನಲ್ಲಿ ಶ್ರವಣದೋಷ ಸಾಮಾನ್ಯ, ಅದಕ್ಕಾಗಿ ಹುಬ್ಬಳ್ಳಿ ದಾಟಿ ಹೋಗಬೇಕಾಗಿಯೂ ಇಲ್ಲ.