ಕಂಪನಿಯ ಈಥರ್ನೆಟ್ ಡ್ರೈವರ್ ಲಿನಕ್ಸ್ ಕರ್ನಲ್‌ಗೆ ಸೇರಿಸಲು ಏನೇನು ಮಾಡಬೇಕು?

ಪ್ರಶ್ನೆ:
ನಮಸ್ಕಾರ. ಪಿಸಿಐಇ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಸುಮಾರು 18,000 ಸಾಲು. ಹಳೆಯ, ಹೊಸ ಕರ್ನಲ್‌ಗಳಿಗೆಲ್ಲ ಒಂದೇ ಕೋಡ್. ವಿಂಡೋಸ್ ಡ್ರೈವರ್ ಜೊತೆ ಹಂಚಿಕೊಂಡ ಒಂದು ಪದರವೂ ಇದೆ, ಮಾಡ್ಯೂಲ್ ಪ್ಯಾರಾಮೀಟರ್‌ಗಳು (ಡ್ರೈವರ್ ಲೋಡ್ ಮಾಡುವಾಗ ಕೊಡುವ ಆಯ್ಕೆಗಳು) 20. ಇದನ್ನು ಹೀಗೇ ನೆಟ್‌ಡೆವ್‌ಗೆ (ಕರ್ನಲ್‌ನ ನೆಟ್‌ವರ್ಕ್ ವಿಭಾಗದ ಮೇಲಿಂಗ್ ಲಿಸ್ಟ್) ಕಳಿಸಬಹುದಾ?

ಉತ್ತರ 1:
ಬೇಡ, ಹೀಗೇ ಕಳಿಸಿದರೆ ವಾಪಸ್ ಬರುವುದು ಖಚಿತ. ಮೊದಲು ಕತ್ತರಿ ಹಿಡಿಯಿರಿ. ಕರ್ನಲ್ ಆವೃತ್ತಿ ನೋಡಿ ಬೇರೆ ಬೇರೆ ಕೋಡ್ ಆರಿಸುವ ಇಫ್‌ಡೆಫ್‌ಗಳೆಲ್ಲ ಹೋಗಬೇಕು. ಹಂಚಿಕೊಂಡ ಪದರ ತೆಗೆದು ಲಾಕ್, ಮೆಮೊರಿ, ಡಿಎಂಎ (ಕಾರ್ಡೇ ನೇರವಾಗಿ ಮೆಮೊರಿ ಓದಿ ಬರೆಯುವುದು) ಎಲ್ಲಕ್ಕೂ ಕರ್ನಲ್‌ನ ಫಂಕ್ಷನ್‌ಗಳನ್ನೇ ನೇರವಾಗಿ ಕರೆಯಿರಿ. ಪ್ಯಾರಾಮೀಟರ್‌ಗಳಲ್ಲಿ ರಿಂಗ್ (ಪ್ಯಾಕೆಟ್‌ಗಳ ಸರದಿ ಪಟ್ಟಿ) ಗಾತ್ರ, ಕ್ಯೂ ಸಂಖ್ಯೆ, ಇಂಟರಪ್ಟ್ ಕೊಅಲೆಸಿಂಗ್ (ಹಲವು ಇಂಟರಪ್ಟ್‌ಗಳನ್ನು ಒಂದಾಗಿಸುವುದು) ಈಥ್‌ಟೂಲ್‌ಗೆ ಹೋಗಲಿ, ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಅಪ್‌ಡೇಟ್ ಡೆವ್‌ಲಿಂಕ್‌ಗೆ. ಇವೆರಡೂ ಎಲ್ಲ ಕಾರ್ಡ್‌ಗಳಿಗೂ ಸಾಮಾನ್ಯವಾದ ಲಿನಕ್ಸ್ ಉಪಕರಣಗಳು. ಯಾವ ಕಂಪನಿಯ ಕಾರ್ಡಾದರೂ ಬಳಕೆದಾರನಿಗೆ ಒಂದೇ ಆಜ್ಞೆ ಸಾಕಾಗಬೇಕು, ಅದಕ್ಕೇ ಈ ಹಟ.

ಮೊದಲ ಪ್ಯಾಚ್ ಸರಣಿಯಲ್ಲಿ ಪ್ರೋಬ್ (ಕಾರ್ಡ್ ಸಿಕ್ಕಾಗ ಅದನ್ನು ಸಿದ್ಧಗೊಳಿಸುವ ಫಂಕ್ಷನ್), ಲಿಂಕ್, ಪ್ಯಾಕೆಟ್ ಕಳಿಸುವುದು, ಪಡೆಯುವುದು ಇಷ್ಟೇ ಇರಲಿ. ಎಸ್‌ಆರ್-ಐಒವಿ, ಎಕ್ಸ್‌ಡಿಪಿ, ಟಿಸಿ ಆಫ್‌ಲೋಡ್‌ನಂಥ ಹೆಚ್ಚುವರಿ ಸೌಲಭ್ಯಗಳು ಆಮೇಲೆ. ಒಂದು ಸರಣಿಗೆ 15 ಪ್ಯಾಚ್ ಮಿತಿ, ಪ್ರತಿ ಪ್ಯಾಚ್ ಹಾಕಿದ ಮೇಲೂ ಕರ್ನಲ್ ಕಂಪೈಲ್ ಆಗಲೇಬೇಕು. ಇಲ್ಲದಿದ್ದರೆ ಗಿಟ್ ಬೈಸೆಕ್ಟ್ ಮಾಡುವವರು (ದೋಷ ತಂದ ಪ್ಯಾಚ್ ಹುಡುಕುವವರು) ಅಲ್ಲಿ ಸಿಕ್ಕಿಬೀಳುತ್ತಾರೆ. ಫರ್ಮ್‌ವೇರ್ ಫೈಲ್ ಈ ಸರಣಿಯಲ್ಲಿ ಬೇಡ. ಅದಕ್ಕೆ ಲಿನಕ್ಸ್-ಫರ್ಮ್‌ವೇರ್ ಎಂಬ ಬೇರೆ ರೆಪೊ ಇದೆ, ಮರುವಿತರಣೆಗೆ ಅವಕಾಶ ಕೊಡುವ ಲೈಸೆನ್ಸ್ ಬೇಕು.

ಉತ್ತರ 2:
ಕೋಡ್ ಬಗ್ಗೆ ಸ್ವಲ್ಪ ಸೇರಿಸುತ್ತೇನೆ, ರಿವ್ಯೂನಲ್ಲಿ ಹೆಚ್ಚು ಪೆಟ್ಟು ಬೀಳುವುದು ಇಲ್ಲೇ.

ಇಂಟರ್‌ಫೇಸನ್ನು ಕರ್ನಲ್‌ಗೆ ನೋಂದಾಯಿಸುವ ರಿಜಿಸ್ಟರ್-ನೆಟ್‌ಡೆವ್ ಕರೆ ಪ್ರೋಬ್‌ನ ಕೊನೆಯಲ್ಲಿರಲಿ. ಆ ಕರೆ ಮುಗಿಯುವ ಮೊದಲೇ ಇಂಟರ್‌ಫೇಸ್ ಓಪನ್ ಆಗಬಹುದು. ಆಗ ಎನ್‌ಎಪಿಐ (ಪ್ಯಾಕೆಟ್‌ಗಳನ್ನು ಗುಂಪಾಗಿ ಸಂಸ್ಕರಿಸುವ ಕರ್ನಲ್ ವ್ಯವಸ್ಥೆ), ರಿಂಗ್‌ನ ಲೆಕ್ಕಾಚಾರ ಸಿದ್ಧವಿಲ್ಲದಿದ್ದರೆ ಕರ್ನಲ್ ಕ್ರ್ಯಾಶ್. ಕಾರ್ಡ್ ತೆಗೆದಾಗ ಓಡುವ ರಿಮೂವ್‌ನಲ್ಲಿ ಇದೇ ಕ್ರಮ ಉಲ್ಟಾ.

ಟ್ರಾನ್ಸ್‌ಮಿಟ್ ರಿಂಗ್ ತುಂಬಿದ ಮೇಲೆ "ಬಿಜಿ" (ಈಗ ಬಿಡುವಿಲ್ಲ) ಎಂದು ಹಿಂತಿರುಗಿಸುವುದನ್ನು ಅಲ್ಲಿ ಬಗ್ ಎಂದೇ ಎಣಿಸುತ್ತಾರೆ. ಒಂದು ಪ್ಯಾಕೆಟ್‌ಗೆ ಗರಿಷ್ಠ ಬೇಕಾಗುವಷ್ಟು ಡಿಸ್ಕ್ರಿಪ್ಟರ್, ಅಂದರೆ ರಿಂಗ್‌ನ ನಮೂದು (ಮಾಮೂಲಿ ಸಂರಚನೆಯಲ್ಲಿ 17 ಫ್ರಾಗ್‌ಮೆಂಟ್, ಹೆಡರ್‌ಗೆ ಇನ್ನೊಂದು) ಉಳಿದಿಲ್ಲ ಎಂದಾಗಲೇ ಕ್ಯೂ ನಿಲ್ಲಿಸಿ. ಡಿಎಂಎ ಮ್ಯಾಪಿಂಗ್ ವಿಫಲವಾದರೆ ಪ್ಯಾಕೆಟ್ ಬಿಸಾಡಿ, ಡ್ರಾಪ್ ಕೌಂಟರ್ ಹೆಚ್ಚಿಸಿ, ಓಕೆ ಎಂದೇ ಹಿಂತಿರುಗಿ.

ಪ್ಯಾಕೆಟ್ ಪಡೆಯುವಾಗ ಡಿಸ್ಕ್ರಿಪ್ಟರ್‌ನ ಡನ್ ಬಿಟ್ (ಕಾರ್ಡ್ ಕೆಲಸ ಮುಗಿಸಿದ ಗುರುತು) ಓದಿದ ಮೇಲೆ, ಉಳಿದ ಫೀಲ್ಡ್‌ಗಳನ್ನು ಓದುವ ಮೊದಲು ಡಿಎಂಎ ರೀಡ್ ಬ್ಯಾರಿಯರ್ (ಓದುವ ಕ್ರಮ ತಪ್ಪದಂತೆ ತಡೆಯುವ ಆಜ್ಞೆ) ಹಾಕಿ. ಎಕ್ಸ್86ನಲ್ಲಿ ಇದರ ಕೊರತೆ ಕಾಣದೇ ಹೋಗಬಹುದು, ಆರ್ಮ್64ನಲ್ಲಿ ಹಳೆಯ ಉದ್ದ ಓದಿ ಪ್ಯಾಕೆಟ್ ಕೆಡಬಹುದು.

ಕೋಡ್ ಪರೀಕ್ಷಿಸುವ ಸ್ಪಾರ್ಸ್ ಉಪಕರಣ ಓಡಿಸಿ, ಎಂಡಿಯನ್ (ಬೈಟ್‌ಗಳ ಕ್ರಮದ) ತಪ್ಪು ಸಿಗುತ್ತದೆ. 32 ಬಿಟ್ ಬಿಲ್ಡ್ ಮರೆಯಬೇಡಿ: 64 ಬಿಟ್ ಸಂಖ್ಯೆಯನ್ನು ನೇರ ಭಾಗಿಸಿದ್ದರೆ ಅಲ್ಲಿ ಲಿಂಕ್ ಆಗುವುದಿಲ್ಲ. ಲೋಕಲ್ ವೇರಿಯಬಲ್‌ಗಳಲ್ಲಿ ಉದ್ದದ ಸಾಲು ಮೇಲೆ, ಚಿಕ್ಕದು ಕೆಳಗೆ. ಇದು ನೆಟ್‌ಡೆವ್‌ನದೇ ಪದ್ಧತಿ.

ಪ್ರಶ್ನೆ ಕೇಳಿದವರು:
ಧನ್ಯವಾದ ಸರ್. ನಮ್ಮ ಆಫೀಸಿನ ಮೇಲ್ ಕೆಳಗೆ "ಗೌಪ್ಯ" ಎಂಬ ಸೂಚನೆ ತಾನಾಗಿ ಸೇರುತ್ತದೆ. ತೊಂದರೆಯೇ?

ಉತ್ತರ 1:
ದೊಡ್ಡ ತೊಂದರೆ. ಸಾರ್ವಜನಿಕ ಪ್ಯಾಚ್‌ನ ಕೆಳಗೆ ಗೌಪ್ಯ ಎಂದಿದ್ದರೆ ಮೇಂಟೇನರ್ ಅದನ್ನು ತೆಗೆದುಕೊಳ್ಳಲಾಗದು. ಎಷ್ಟೋ ಕಾರ್ಪೊರೇಟ್ ಮೇಲ್ ಸರ್ವರ್‌ಗಳು ಟ್ಯಾಬ್‌ಗಳನ್ನೂ ಸ್ಪೇಸ್ ಮಾಡಿಬಿಡುತ್ತವೆ. ಐಟಿಯವರಿಂದ ಬೇರೆ ಎಸ್‌ಎಂಟಿಪಿ ಕೇಳಿ, ಇಲ್ಲವೇ ಪ್ಯಾಚ್ ಕಳಿಸಲು ಬಳಸುವ ಬಿ4 ಉಪಕರಣದ ವೆಬ್ ಮಾರ್ಗದಲ್ಲಿ ಕಳಿಸಿ. ಖಾಸಗಿ ಮೇಲ್‌ನಿಂದ ಕಳಿಸುವುದಾದರೆ ಸಂದೇಶದ ಮೊದಲ ಸಾಲಿನಲ್ಲಿ ಕಂಪನಿ ವಿಳಾಸದ ಫ್ರಂ ಇರಲಿ, ಸೈನ್ಡ್-ಆಫ್-ಬೈ (ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ಸಹಿ ಸಾಲು) ಅದಕ್ಕೆ ತಾಳೆಯಾಗಲಿ. ಆ ಸಹಿ ಹಾಕುವ ಮುಂಚೆ ಲೀಗಲ್ ಅನುಮತಿ ಕೈಯಲ್ಲಿರಬೇಕು.

ಮೊದಲು ನಿಮಗೇ ಕಳಿಸಿಕೊಂಡು ಮೇಲ್‌ನಿಂದ ಪ್ಯಾಚ್ ಹಾಕುವ ಗಿಟ್ ಎಎಂ ಆಜ್ಞೆಯಲ್ಲಿ ಹಾಕಿ ನೋಡಿ. ಮೇಲ್‌ನ ವಿಷಯದ ಸಾಲಿನಲ್ಲಿ ನೆಟ್-ನೆಕ್ಸ್ಟ್ (ಹೊಸ ನೆಟ್‌ವರ್ಕ್ ಕೋಡ್ ಸೇರುವ ಟ್ರೀ) ಎಂದು ನಮೂದಿಸಿ. ಮರ್ಜ್ ವಿಂಡೋದ (ಮುಖ್ಯ ಕರ್ನಲ್‌ಗೆ ಹೊಸ ಕೋಡ್ ಸೇರುವ ಅವಧಿ) ಸುಮಾರು ಎರಡು ವಾರ ಆ ಟ್ರೀ ಮುಚ್ಚಿರುತ್ತದೆ, ಆಗ ಆರ್‌ಎಫ್‌ಸಿ (ಅಭಿಪ್ರಾಯ ಕೇಳಲಷ್ಟೇ ಕಳಿಸುವ ಪ್ಯಾಚ್) ಮಾತ್ರ ಕಳಿಸಬಹುದು. ಪರಿಷ್ಕೃತ ಆವೃತ್ತಿಗಳ ನಡುವೆ ಕನಿಷ್ಠ 24 ಗಂಟೆ ಬಿಡಿ.