ತಿರುಗುವ ಪೀಠದ ‘ಟಕ್’ ತೋಳು ಬುಡದಲ್ಲೇ ಮುರಿಯುತ್ತಿದೆ

ಬಿಲ್ಲೆ_ಬಳೆ:
ಮೊಬೈಲಿನಲ್ಲಿ ಪನೋರಮಾ ತೆಗೆಯಲು ಟ್ರೈಪಾಡ್ ಮೇಲೆ ಕೂರುವ ಪೀಠವೊಂದನ್ನು 3ಡಿ ಪ್ರಿಂಟ್ ಮಾಡುತ್ತಿದ್ದೇನೆ. ಪ್ರತಿ 45 ಡಿಗ್ರಿಗೆ ಟಕ್ ಎಂದು ನಿಲ್ಲಬೇಕು. ಹೊರಬಳೆಯ ಒಳಮೈಯಲ್ಲಿ ಎಂಟು ಕಚ್ಚು. ಒಳಗಿನ ಬಿಲ್ಲೆಯಲ್ಲಿ ಒಂದು ತೋಳು, ಅದರ ತುದಿಗೆ ಉಬ್ಬು. ತೋಳು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪ, ಉಬ್ಬಿನ ಎತ್ತರ 1.5 ಮಿ.ಮೀ. ಪ್ರಿಂಟಿಗೆ ಬಳಸಿದ ಪ್ಲಾಸ್ಟಿಕ್ ಪಿಎಲ್‌ಎ. ತಿರುಗಿಸಲು ವಿಪರೀತ ಬಿಗಿ, ಕೆಲವೇ ಸುತ್ತಿಗೆ ಬುಡದಲ್ಲಿ ಪಟ್ಟನೆ ಮುರಿಯುತ್ತದೆ. ದಪ್ಪ 3 ಮಿ.ಮೀ. ಮಾಡಿದರೆ ಇನ್ನೂ ಬೇಗ ಹೋಯಿತು. ದಾರಿ ತೋರಿಸಿ.

ಸ್ಪ್ರಿಂಗ್_ತೋಳು:
ದಪ್ಪ ಮಾಡಿದ್ದಕ್ಕೇ ಬೇಗ ಮುರಿದದ್ದು. ಉಬ್ಬು ಕಚ್ಚಿನಿಂದ ಹೊರಗೆ ಬರಬೇಕಾದರೆ ತೋಳು 1.5 ಮಿ.ಮೀ. ಬಾಗಲೇಬೇಕು. ಅಷ್ಟೇ ಬಾಗಿದರೂ ದಪ್ಪ ತೋಳಿನ ಮೈ ಹೆಚ್ಚು ಹಿಗ್ಗುತ್ತದೆ. ಲೆಕ್ಕ ಹೀಗೆ: ಬುಡದ ಹಿಗ್ಗು = 1.5 × ದಪ್ಪ × ಬಾಗು ÷ ಉದ್ದದ ವರ್ಗ. 2 ಮಿ.ಮೀ.ಗೆ ಶೇ. 3.1, 3 ಮಿ.ಮೀ.ಗೆ ಶೇ. 4.7. ಮತ್ತೆ ಮತ್ತೆ ಬಾಗುವ ಪಿಎಲ್‌ಎ ತೋಳಿಗೆ ನಾನು ಶೇ. 1 ದಾಟಿಸುವುದಿಲ್ಲ.

ದಪ್ಪ 2ರಲ್ಲೇ ಇರಲಿ. ತೋಳನ್ನು ಬಿಲ್ಲೆಯ ಅಂಚಿನ ಗುಂಟ ಬಳಸಿ 20 ಮಿ.ಮೀ. ಉದ್ದ ಮಾಡಿ, ಉಬ್ಬನ್ನು 1 ಮಿ.ಮೀ.ಗೆ ಇಳಿಸಿ. ಹಿಗ್ಗು ಶೇ. 0.75ಕ್ಕೆ ಬರುತ್ತದೆ. ತೋಳನ್ನು ಬಾಗಿಸುವ ಬಲವೂ ಸುಮಾರು ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಸಡಿಲ ಅನ್ನಿಸಿದರೆ ಎದುರುಬದುರು ಎರಡು ತೋಳು ಕೊಡಿ. ನಡುವಿನ ಅಚ್ಚಿನ ಮೇಲೆ ಒಂದೇ ಕಡೆ ಒತ್ತಡ ಬೀಳುವುದೂ ತಪ್ಪುತ್ತದೆ.

ಬುಡದ ಮೂಲೆ ಚೂಪಾಗಿದ್ದರೆ ಬಿರುಕು ಶುರುವಾಗುವುದೇ ಅಲ್ಲಿಂದ. 1 ಮಿ.ಮೀ. ತ್ರಿಜ್ಯದ ಫಿಲೆಟ್ ಕೊಡಿ, ಅಂದರೆ ಮೂಲೆಯನ್ನು ದುಂಡಗೆ ಮಾಡಿ. ಬಿಲ್ಲೆಯನ್ನು ಮಲಗಿಸಿಯೇ ಪ್ರಿಂಟ್ ಮಾಡಿ, ಲೇಯರ್‌ಗಳು ತೋಳಿನ ಉದ್ದಕ್ಕೆ ಓಡಬೇಕು.

ಬಿಲ್ಲೆ_ಬಳೆ:
ಎರಡು ತೋಳು ಹಾಕಿದೆ ಸರ್, ಮುರಿಯುತ್ತಿಲ್ಲ, ಕೈಗೂ ಹಿತವಾಗಿದೆ. ಆದರೆ ಕಚ್ಚಿನಲ್ಲಿ ಕೂತ ಮೇಲೂ ಆಚೀಚೆ ಸ್ವಲ್ಪ ಆಡುತ್ತದೆ. ಕಚ್ಚು, ಉಬ್ಬು ಎರಡೂ ಅರ್ಧವೃತ್ತ, ನಡುವೆ 0.2 ಮಿ.ಮೀ. ಸಂದು ಬಿಟ್ಟಿದ್ದೇನೆ.

ಸ್ಪ್ರಿಂಗ್_ತೋಳು:
ಆ ಸಂದೇ ಆಟ. ಕಚ್ಚನ್ನು ‘ವಿ’ ಆಕಾರಕ್ಕೆ ಬದಲಿಸಿ, ಎರಡೂ ಬದಿ 45 ಡಿಗ್ರಿ ಇಳಿಜಾರು. ಉಬ್ಬು ದುಂಡಗೇ ಇರಲಿ, ಆದರೆ ಅದರ ತುದಿ ‘ವಿ’ಯ ತಳ ಮುಟ್ಟಬಾರದು, ಎರಡು ಬದಿಗಳನ್ನು ಒತ್ತಿ ಕೂರಬೇಕು. ಆಗ ಪ್ರಿಂಟರಿನ ಸಣ್ಣ ವ್ಯತ್ಯಾಸ ತಾನೇ ಸರಿಹೋಗುತ್ತದೆ.

ಹಾಗೆಂದು ಕೂತ ಸ್ಥಿತಿಯಲ್ಲಿ ತೋಳು ಬಹಳ ಬಾಗಿರಬಾರದು, 0.1 ಮಿ.ಮೀ. ಸಾಕು. ಸದಾ ಒತ್ತಡದಲ್ಲಿರುವ ಪಿಎಲ್‌ಎ ದಿನ ಕಳೆದಂತೆ ಬಾಗಿದಲ್ಲೇ ಒಗ್ಗಿಹೋಗಿ ಸ್ಪ್ರಿಂಗ್ ಕಳೆದುಕೊಳ್ಳುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡುವವರಾದರೆ ಪಿಎಲ್‌ಎ ಬೇಡವೇ ಬೇಡ, 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ಮೆತ್ತಗಾಗುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಹಾಕಿ.

ಮುಂದೆ ಭಾರದ ಕ್ಯಾಮೆರಾ ಕೂರಿಸುವುದಿದ್ದರೆ ಪ್ಲಾಸ್ಟಿಕ್ ತೋಳನ್ನೇ ಬಿಟ್ಟು ಉಕ್ಕಿನ ಗುಂಡು, ಅದರ ಹಿಂದೆ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿ ನೋಡಿ. ‘ವಿ’ ಕಚ್ಚು ಅದಕ್ಕೂ ಆಗುತ್ತದೆ.